ಬೋರಮ್ಮನಿಗೆ ಕೊಟ್ಟ ಮಾತು

ಜಲಜಾ ಡಾಕ್ಟರು ನಿಜ, ಆದರೆ ನೆಗಡಿಗೆ ಮಾತ್ರೆ ಬರೆದುಕೊಡುವ ಡಾಕ್ಟರಲ್ಲ. ಇದನ್ನು ತನ್ನ ಅಪ್ಪ ಮೋನಪ್ಪನಿಗೆ ಹೇಳಿ ಹೇಳಿ ಅವಳಿಗೆ ಬಾಯಿನೋವು ಬಂದಿತ್ತು. ಮೋನಪ್ಪ ಉಡುಪಿ ಕಡೆಯಿಂದ ಹುಡುಗನಾಗಿ ಮದ್ರಾಸಿಗೆ ಬಂದವನು. ಸೌಕಾರ್‌ಪೇಟೆಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಟೇಬಲ್ ಒರೆಸುವಲ್ಲಿಂದ ಶುರುಮಾಡಿ ಗಲ್ಲಾಪೆಟ್ಟಿಗೆಯ ಕುರ್ಚಿಯ ತನಕ ಏರಿದ್ದ. ಮಗಳು ಡಾಕ್ಟರ್ ಎಂದ ಮೇಲೆ ಮುಗಿಯಿತು, ಗಿರಾಕಿಗಳ ಮಂಡಿನೋವು, ಹೊಟ್ಟೆಯುಬ್ಬರಗಳನ್ನೆಲ್ಲ ಹೊತ್ತು ತಂದು ಅವಳ ಮುಂದೆ ಸುರಿಯುತ್ತಿದ್ದ. "ನಾನು ರಕ್ತ ನೋಡುವವಳು ಅಪ್ಪ, ಮಂಡಿ ನೋಡುವವಳಲ್ಲ," ಎಂದು ಅವಳು ಎಷ್ಟು ಹೇಳಿದರೂ ಮೋನಪ್ಪ, "ರಕ್ತ ನೋಡುವವಳಿಗೆ ಮಂಡಿ ಎಂತ ದೊಡ್ಡ ವಿಷಯ ಮಾರಾಯ್ತಿ?" ಎಂದು ನಗುತ್ತಿದ್ದ.

ಅವಳು ನೋಡುತ್ತಿದ್ದದ್ದು ಹುಚ್ಚು ಹರಿದು ಬರುವ ಮನೆಗಳ ರಕ್ತವನ್ನು. ಕೀಲ್ಪಾಕಿನ ಹಳೆಯ ಬಂಗಲೆಯೊಂದರಲ್ಲಿ ಒಂದು ಸಣ್ಣ ಸಂಶೋಧನಾ ಕೇಂದ್ರವಿತ್ತು. ಒಂದೇ ಮನೆಯಲ್ಲಿ ಅಜ್ಜಿಗೆ, ಅತ್ತೆಗೆ, ಮೊಮ್ಮಗಳಿಗೆ ಮನಸ್ಸಿನ ಕಾಯಿಲೆ ಬರುತ್ತದಲ್ಲ, ಅದನ್ನು ಹೊತ್ತು ತರುವ ವಂಶವಾಹಿಯ ತುಂಡು ರಕ್ತದ ಯಾವ ಮೂಲೆಯಲ್ಲಿದೆ ಎಂದು ಹುಡುಕುವುದು ಅಲ್ಲಿಯ ಕೆಲಸ. ಆ ಕೆಲಸಕ್ಕೆ ಯಂತ್ರಕ್ಕಿಂತ ಹೆಚ್ಚಾಗಿ ಬೇಕಾದದ್ದು ಮನೆಗಳು. ನಮ್ಮ ಜನರೋ, ಕ್ಷಯ ಇದ್ದರೆ ಹೇಳಿಯಾರು, ಕುಷ್ಠ ಇದ್ದರೂ ಹೇಳಿಯಾರು, ಇದನ್ನು ಮಾತ್ರ ಸತ್ತರೂ ಬಾಯಿಬಿಡುವುದಿಲ್ಲ. ಮನೆಯಲ್ಲಿ ಮದುವೆಗೆ ಬಂದ ಹುಡುಗಿಯಿದ್ದರಂತೂ ಕೇಳುವುದೇ ಬೇಡ. ಹಾಗಾಗಿ ಜಲಜಾ ಕೇಂದ್ರದ ಜೀಪನ್ನು ಎರಡು ಬೀದಿ ಆಚೆಗೇ ನಿಲ್ಲಿಸುತ್ತಿದ್ದಳು. ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು, ರಕ್ತದ ಐಸ್ ಡಬ್ಬಿಯನ್ನು ತಾಂಬೂಲದ ಚೀಲದಲ್ಲಿಟ್ಟುಕೊಂಡು, ಯಾರದೋ ಮದುವೆಗೆ ಕರೆಯಲು ಬಂದ ನೆಂಟರ ಹಾಗೆ ಒಳಗೆ ಹೋಗುತ್ತಿದ್ದಳು. ಅಕ್ಕಪಕ್ಕದವರು ಕಿಟಕಿಯಿಂದ ನೋಡಿ ಸುಮ್ಮನಾಗುತ್ತಿದ್ದರು.

ರಾಯಪುರಂನ ಅಪ್ಪಾಜಿ ಎಂಬವರ ಮನೆಗೆ ಅವಳು ಹಾಗೆ ಹೋದದ್ದು ತೊಂಬತ್ತೆಂಟರಲ್ಲಿ. ಅಪ್ಪಾಜಿ ಮಂಡ್ಯ ಕಡೆಯವರು, ಬಂದರಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅವರ ತಾಯಿಗೂ ತಂಗಿಗೂ ಊರಿನಲ್ಲಿ ಇದೇ ಕಾಯಿಲೆ ಇತ್ತು. ಹಿರಿಯ ಮಗಳು ಉಷಾಳಿಗೆ ಹದಿನೇಳನೆಯ ವಯಸ್ಸಿನಲ್ಲಿ ಶುರುವಾದದ್ದು ಮತ್ತೆ ಬಿಡಲೇ ಇಲ್ಲ. ಈಗ ಅವಳಿಗೆ ಮೂವತ್ತನಾಲ್ಕು. ಮಾತ್ರೆಯ ಮಂಪರಿನಲ್ಲಿ ಕಿಟಕಿಯ ಹತ್ತಿರ ಕೂತಿರುತ್ತಿದ್ದಳು. ಇದ್ದಕ್ಕಿದ್ದಂತೆ ಬೀದಿಗೆ ಕೇಳುವ ಹಾಗೆ ಕೂಗಿಕೊಳ್ಳುತ್ತಿದ್ದಳು, ಬೀದಿಯವರಿಗೆ ಅದು ಅಭ್ಯಾಸವಾಗಿ ಹೋಗಿತ್ತು. ಕಿರಿಯವಳು ಪಾವನಾ, ಹದಿನೇಳರ ಹುಡುಗಿ, ಅಕ್ಕನ ಕೂಗಿಗೆ ಹೆದರದೆ ಪಕ್ಕದಲ್ಲೇ ಕೂತು ಓದುತ್ತಿದ್ದಳು.

ತಾಯಿ ಬೋರಮ್ಮ ಕನ್ನಡ ಕೇಳಿದ್ದೇ ಬಾಗಿಲಲ್ಲೇ ಕರಗಿಬಿಟ್ಟಳು. "ಬಾರವ್ವ, ಬಾ. ನಮ್ಮ ಮಾತಾಡೋರ್ನ ನೋಡಿ ಎಷ್ಟು ದಿನಾಗೋಗಿತ್ತು," ಎಂದು ಚಾಪೆ ಹಾಸಿದಳು. ತನ್ನ ರಕ್ತ ಕೊಟ್ಟಳು, ಗಂಡನ ಕೈಯನ್ನು ತಾನೇ ಹಿಡಿದು ಕೊಡಿಸಿದಳು, ಉಷಾಳನ್ನು ಪುಸಲಾಯಿಸಿದಳು. ಪಾವನಾಳ ಸರದಿ ಬಂದಾಗ ಮಾತ್ರ ಅಡ್ಡ ನಿಂತಳು. "ಅದು ಎಳೇ ಮಗ ಕಣವ್ವ, ಅದರದ್ಯಾಕೆ? ಅದಕ್ಕೇನೂ ಇಲ್ಲ." ಆದರೆ ಕಾಲೇಜಿನಲ್ಲಿ ವಿಜ್ಞಾನ ಓದುವ ಹುಡುಗಿಯನ್ನು ತಡೆಯುವವರು ಯಾರು? "ಇರಮ್ಮ, ನಾನೂ ಕೊಡ್ತೀನಿ. ಇದು ರಿಸರ್ಚ್, ತೆರಿಯುಮಾ, ಗೊತ್ತಾ?" ಎಂದು ಅವಳೇ ತೋಳು ಚಾಚಿದಳು. ಕಾಯಿಲೆಯಿಲ್ಲದವರ ರಕ್ತವೂ ಜಲಜಾಳಿಗೆ ಬೇಕಿತ್ತು. ತಾಯಿಯದು ಬರೀ ಮಮತೆ ಎಂದುಕೊಂಡು ಸೂಜಿ ಚುಚ್ಚಿದಳು.

ಮುಂದಿನ ವರ್ಷ ಆ ರಕ್ತವನ್ನು ಪರೀಕ್ಷೆಗೆ ಇಟ್ಟಾಗ ಒಂದು ವಿಚಿತ್ರ ಕಂಡಿತು. ಜೆಲ್ ಎನ್ನುವ ತೆಳ್ಳನೆಯ ಅಂಟಿನ ಹಾಳೆಯ ಮೇಲೆ ಪ್ರತಿಯೊಬ್ಬರಿಗೂ ಎರಡೆರಡು ಗೆರೆ ಮೂಡುತ್ತವೆ, ಒಂದು ತಾಯಿಯಿಂದ ಬಂದದ್ದು, ಒಂದು ತಂದೆಯಿಂದ ಬಂದದ್ದು. ಉಷಾಳವು ಸರಿಯಾಗಿದ್ದವು. ಪಾವನಾಳ ಒಂದು ಗೆರೆ ಬೋರಮ್ಮನಲ್ಲೂ ಇರಲಿಲ್ಲ, ಅಪ್ಪಾಜಿಯಲ್ಲೂ ಇರಲಿಲ್ಲ. ರಕ್ತದ ಟ್ಯೂಬು ಅದಲುಬದಲಾಗಿರಬೇಕು ಎಂದು ಜಲಜಾ ತನ್ನನ್ನೇ ಬೈದುಕೊಂಡು ಮೊದಲಿಂದ ಮಾಡಿದಳು. ಮತ್ತೆ ಅದೇ. ವಂಶವಾಹಿಯ ಬೇರೆ ಬೇರೆ ಜಾಗಗಳನ್ನು ಪರೀಕ್ಷಿಸಿದಳು, ಅಲ್ಲೂ ಅದೇ. ಕೊನೆಗೆ ಸುಮ್ಮನೆ ಕೈಗೆ ಬಂದ ಹಾಗೆ ಪಾವನಾಳ ಗೆರೆಗಳನ್ನು ಉಷಾಳ ಪಕ್ಕ ಹಿಡಿದು ನೋಡಿದಳು. ಒಂದೂ ತಪ್ಪದಂತೆ ಪ್ರತಿ ಸಾಲಿನಲ್ಲೂ ಹುಡುಗಿಯ ಒಂದು ಗೆರೆ ಉಷಾಳದ್ದಾಗಿತ್ತು.

ಅಂದರೆ ಪಾವನಾ ಉಷಾಳ ತಂಗಿಯಲ್ಲ, ಮಗಳು.

ಜಲಜಾ ಕುರ್ಚಿಯಲ್ಲಿ ಕೂತೇ ಬಿಟ್ಟಳು. ಪಾವನಾ ಹುಟ್ಟಿದ ವರ್ಷ ಎಂಬತ್ತೊಂದು. ಉಷಾಳಿಗೆ ಕಾಯಿಲೆ ಶುರುವಾದದ್ದೂ ಅದೇ ವರ್ಷ. ಪರೀಕ್ಷೆಯಲ್ಲಿ ಫೇಲಾದ ಬೇಜಾರಿಗೆ ತಲೆ ಕೆಟ್ಟಿತು ಎಂದು ಮನೆಯವರು ಹೇಳಿದ್ದರು. ಫೇಲೂ ಅಲ್ಲ, ಬೇಜಾರೂ ಅಲ್ಲ, ಅದು ಹೆತ್ತ ಮೇಲೆ ಬಂದದ್ದು. ನಮ್ಮ ಅಜ್ಜಿಯರು ಬಾಣಂತಿ ಸನ್ನಿ ಎಂದು ಹೆಸರಿಟ್ಟು ಹೆದರುತ್ತಿದ್ದ ಕಾಯಿಲೆ ಅದು. ಹೆತ್ತ ತಾಯಿಗೆ ಅದು ಬಂದಿದ್ದರೆ ಮಗಳ ಹೆರಿಗೆಯಲ್ಲೂ ಕಾದಿರಬಹುದು ಎಂದು ಜಲಜಾಳಂಥವರಿಗೆ ಗೊತ್ತು. ಆ ಮನೆಯ ಹುಡುಗಿಗೆ ಗೊತ್ತಿಲ್ಲ.

ಕೇಂದ್ರದ ಮುಖ್ಯಸ್ಥರು ಜಯರಾಮ ಸಾರ್, ಮೈಸೂರಿನವರು. ಕೆಟ್ಟವರೇನಲ್ಲ. ಅವಳ ಮಾತನ್ನೆಲ್ಲ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಮ್ಮ, ನಾವು ರಕ್ತ ತಗೊಂಡಿದ್ದು ಕಾಯಿಲೆ ಹುಡುಕೋಕೆ. ಯಾರ ಮಗು ಯಾರದ್ದು ಅಂತ ಹುಡುಕೋಕಲ್ಲ. ಆ ಹುಡುಗೀನ ಲೆಕ್ಕದಿಂದ ತೆಗೆದುಬಿಡು. ಮಿಕ್ಕೋರು ಸಾಕು."

"ನಾಳೆ ಅವಳಿಗೆ ಮದುವೆ ಆದ್ರೆ ಸಾರ್? ಮಗು ಆದ್ರೆ?"

"ನಾಳೇದು ನಾಳೆ. ಇವತ್ತು ನೀನು ಬಾಯಿಬಿಟ್ಟರೆ ಒಂದು ಮನೆ ಒಡೆಯುತ್ತೆ. ಆಮೇಲೆ ಯಾರೂ ನಮಗೆ ತೋಳು ಚಾಚಲ್ಲ."

ರಕ್ತ ಹೇಳಿದ ಗುಟ್ಟನ್ನು ಮನೆಯವರಿಗೆ ಹೇಳಬಾರದು ಎನ್ನುವುದು ಈ ವಿದ್ಯೆಯ ನಿಯಮ. ಒಳ್ಳೆಯ ನಿಯಮವೇ. ಎಷ್ಟೋ ಹೆಂಗಸರ ಬಾಳು ಅದರಿಂದ ಉಳಿದಿದೆ. ಆದರೆ ಒಳ್ಳೆಯ ನಿಯಮದ ಹಿಂದೆ ಅವಿತು ಕೂರುವುದು ಎಷ್ಟು ಹಾಯಾಗಿರುತ್ತದೆ ಎನ್ನುವುದನ್ನು ಯಾರೂ ಬರೆದಿಡುವುದಿಲ್ಲ. ಜಲಜಾ ಪಾವನಾಳನ್ನು ಲೆಕ್ಕದಿಂದ ತೆಗೆದಳು. ತೆಗೆದ ಮೇಲೂ ಮನಸ್ಸು ತಡೆಯದೆ ಒಂದು ಮಧ್ಯಾಹ್ನ ಯಾರಿಗೂ ಹೇಳದೆ ರಾಯಪುರಂಗೆ ಹೋದಳು.

ಪಾವನಾ ಕಾಲೇಜಿಗೆ ಹೋಗಿದ್ದಳು. ಬೋರಮ್ಮ ಅಡುಗೆಮನೆಯಲ್ಲಿ ಮೊರ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಜಲಜಾ ಸುತ್ತಿ ಬಳಸಿ ಮಾತು ಶುರುಮಾಡುವಷ್ಟರಲ್ಲೇ ಅವಳ ಕೈ ನಿಂತಿತು.

"ರಕ್ತದಾಗೆ ಗೊತ್ತಾಗ್ಬುಡ್ತಾ?"

"ಗೊತ್ತಾಯ್ತು ಅಮ್ಮ."

ಬೋರಮ್ಮ ಮೊರವನ್ನು ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅಳು ನಿಂತ ಮೇಲೆ ತಾನೇ ಹೇಳಿದಳು. ಯಾರು, ಏನು ಎಂದು ಕೇಳಬೇಡ ಎಂದಳು. ಉಷಾಳಿಗೆ ಆರು ತಿಂಗಳು ತುಂಬುವ ಹೊತ್ತಿಗೆ, ತಾನೇ ಬಸುರಿ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು, ಜೊತೆಗೆ ಮಗಳು ಇರಲಿ ಎಂಬ ನೆಪದಲ್ಲಿ ತವರಿಗೆ ಕರೆದುಕೊಂಡು ಹೋಗಿದ್ದಳು. ವಾಪಸು ಬರುವಾಗ ಮಗು ಅವಳ ಮಡಿಲಿನಲ್ಲಿತ್ತು, ಉಷಾಳ ತಲೆ ಕೆಟ್ಟಿತ್ತು. "ಹೆತ್ತು ಒಂದು ವಾರ ಆಗಿತ್ತೋ ಇಲ್ವೋ ಕಣವ್ವ. ಅವತ್ತಿಂದ ನನ್ ಮಗ್ಳು ನನಗೆ ಸಿಗ್ಲಿಲ್ಲ. ಇದೊಂದಾರಾ ಇರ್ಲಿ. ನನ್ನ ಕೈ ಮೇಲೆ ಕೈಯಿಟ್ಟು ಯೋಳು, ಯಾರ್ಗೂ ಯೋಳಾಕಿಲ್ಲ ಅಂತ."

ಕಲ್ಲು ಆರಿಸಿ ಹಿಟ್ಟು ಹಿಟ್ಟಾಗಿದ್ದ ಆ ಕೈಯನ್ನು ನೋಡಿ ಜಲಜಾಳಿಗೆ ಇಲ್ಲ ಎನ್ನಲಾಗಲಿಲ್ಲ. ಆದರೂ ಒಂದು ಮಾತು ತೆಗೆದುಕೊಂಡಳು. "ಹೇಳುದಿಲ್ಲ ಅಮ್ಮ. ಆದ್ರೆ ಅವಳಿಗೆ ಮಗು ಆಗುವಾಗ ನನ್ನನ್ನು ಕರೀಬೇಕು. ಅವಳು ನಿದ್ದೆ ಮಾಡ್ತಾಳಾ ಅಂತ ಮೊದಲ ದಿನದಿಂದಲೇ ನೋಡ್ಬೇಕು. ಅದಕ್ಕೆ ಔಷಧ ಉಂಟು."

"ಕರೀತೀನಿ ಕಣವ್ವ. ನಾನೇ ಕರೀತೀನಿ."

ಜಲಜಾ ಕೈಯಿಟ್ಟಳು. ಬಸ್ಸಿನಲ್ಲಿ ವಾಪಸು ಬರುವಾಗ ಎದೆ ಹಗುರವಾಗಿತ್ತು. ಭಾರ ಈಗ ಬೋರಮ್ಮನದು, ಅದಕ್ಕೇ ಹಗುರ ಎಂದು ಆಗ ಅವಳಿಗೆ ಹೊಳೆಯಲಿಲ್ಲ.

ಎರಡು ಸಾವಿರದ ಒಂದರಲ್ಲಿ ಅವರ ಪ್ರಬಂಧ ಹೊರದೇಶದ ಒಳ್ಳೆಯ ಪತ್ರಿಕೆಯಲ್ಲಿ ಬಂತು. ದಕ್ಷಿಣದ ಮನೆಗಳಲ್ಲಿ ಕಾಯಿಲೆಯ ಜಾಡು ಇಂಥ ಕಡೆ ಇರಬಹುದು ಎಂಬ ಆ ಮಾತಿಗೆ ಬೆನ್ನೆಲುಬಾಗಿ ನಿಂತದ್ದು ರಾಯಪುರಂನ ಆ ಒಂದು ಮನೆ, ಹುಡುಗಿಯೊಬ್ಬಳನ್ನು ಬಿಟ್ಟು. ಜಯರಾಮ ಸಾರ್ ಲಡ್ಡು ಹಂಚಿದರು. ಜಲಜಾಳಿಗೆ ಸ್ವಂತ ಪ್ರಯೋಗಾಲಯ ಸಿಕ್ಕಿತು, ಎಸಿ ಇದ್ದ ಕೋಣೆ, ಕೈಕೆಳಗೆ ಇಬ್ಬರು ವಿದ್ಯಾರ್ಥಿಗಳು. ಮೋನಪ್ಪ ಪತ್ರಿಕೆಯ ಪುಟವನ್ನು ಫ್ರೇಮು ಹಾಕಿಸಿ ಹೋಟೆಲಿನಲ್ಲಿ ದೇವರ ಪಟದ ಕೆಳಗೆ ತೂಗುಹಾಕಿದ. ಹೊಸ ಯೋಜನೆಗೆ ಹೊಸ ಮನೆಗಳು ಬೇಕಾದವು. ರಾಯಪುರಂಗೆ ಹೋಗುವುದು ನಿಂತುಹೋಯಿತು.

ಮರುವರ್ಷ ಪಾವನಾ ತಾನೇ ಕೀಲ್ಪಾಕಿಗೆ ಬಂದಳು, ಕೈಯಲ್ಲಿ ಲಗ್ನಪತ್ರಿಕೆ. ಹುಡುಗ ದಿನೇಶ್, ಮೈಸೂರು ಕಡೆಯವನು, ಅಂಬತ್ತೂರಿನ ಕಾರ್ಖಾನೆಯಲ್ಲಿ ಇಂಜಿನಿಯರು.

"ಆಂಟಿ, ಅವರಿಗೆ ಎಲ್ಲಾ ಹೇಳ್ಬಿಟ್ಟೆ. ಉಷಕ್ಕನ ವಿಷಯ, ಅಜ್ಜಿ ವಿಷಯ, ಒಂದೂ ಮುಚ್ಚಿಡ್ಲಿಲ್ಲ. ಅಮ್ಮ ಎಷ್ಟು ಬೈದ್ಲು ಗೊತ್ತಾ? ಅವರು ಪರವಾಯಿಲ್ಲ ಅಂದ್ರು." ಹುಡುಗಿಯ ಮುಖ ಹೆಮ್ಮೆಯಿಂದ ಅರಳಿತ್ತು. ಆಮೇಲೆ ದನಿ ತಗ್ಗಿಸಿದಳು. "ಈಗ ನೀವು ನಿಜ ಹೇಳ್ಬೇಕು. ಅಕ್ಕನಿಗೆ ಬಂದಿದ್ದು ನನಗೂ ಬರತ್ತಾ?"

ಎಲ್ಲಾ ಹೇಳಿಬಿಟ್ಟಿದ್ದಳಂತೆ ಪಾಪ, ತನಗೆ ಗೊತ್ತಿದ್ದದ್ದನ್ನೆಲ್ಲ. ಜಲಜಾಳ ಬಾಯಿ ತಾನಾಗಿ ಪಾಠ ಒಪ್ಪಿಸಿತು. "ಅಕ್ಕನಿಗೆ ಇದ್ದರೆ ತಂಗಿಗೆ ಬರುವುದು ನೂರರಲ್ಲಿ ಎಂಟೋ ಒಂಬತ್ತೋ. ಉಳಿದ ತೊಂಬತ್ತು ಜನಕ್ಕೆ ಬರುದಿಲ್ಲ." ಒಂದಕ್ಷರ ಸುಳ್ಳಿಲ್ಲ. ತಂಗಿಯ ಲೆಕ್ಕವನ್ನು ಮಗಳಿಗೆ ಕೊಟ್ಟಳು, ಅಷ್ಟೇ.

ಅಷ್ಟಕ್ಕೆ ಬಿಡಲು ಮನಸ್ಸು ಬರಲಿಲ್ಲ. ಹೇಗಾದರೂ ಕಿವಿಗೆ ಹಾಕಬೇಕಿತ್ತು, ಆದರೆ ಮಾತು ತಪ್ಪಬಾರದಿತ್ತು. ಮದುವೆಯ ಹುಡುಗಿಗೆ ಹಿರಿಯರು ಹೇಳುವ ಹಾಗೆ ಗಲ್ಲ ಹಿಂಡಿ, "ಮತ್ತೆ ಪಾಪು ಆಗುವಾಗ ಮೊದಲು ನನಗೆ ಹೇಳ್ಬೇಕು ಆಯ್ತಾ? ನಾನೇ ಬಂದು ನೋಡ್ಕೊಳ್ತೇನೆ," ಎಂದಳು. ಪಾವನಾ ನಾಚಿ, "ಪೋಂಗ ಆಂಟಿ, ಹೋಗಿ," ಎಂದು ಮುಖ ಮುಚ್ಚಿಕೊಂಡಳು. ಎಚ್ಚರಿಕೆಯೊಂದು ಹಾಸ್ಯವಾಗಿ ಹೋಯಿತು. ಮದುಮಗಳಿಗೆ ಯಾರು ತಾನೇ ಆ ಮಾತು ಹೇಳುವುದಿಲ್ಲ?

ಎರಡು ಸಾವಿರದ ನಾಲ್ಕರ ಬೇಸಿಗೆ. ಊರಿನಲ್ಲಿ ಕುಡಿಯಲು ನೀರಿಲ್ಲ, ಲಾರಿಯ ಹಿಂದೆ ಜನ ಕೊಡ ಹಿಡಿದು ಓಡುತ್ತಿದ್ದರು. ಒಂದು ದಿನ ಪ್ರಯೋಗಾಲಯಕ್ಕೆ ದಿಲ್ಲಿಯಿಂದ ಪರಿಶೀಲಕರು ಬಂದಿದ್ದರು. ಆ ಹೊತ್ತಿಗೇ ಪಾವನಾಳ ಫೋನು. "ಆಂಟಿ, ಗಂಡು ಮಗು! ಅಮ್ಮನ ಮನೇಲೇ ಇದೀನಿ. ಆಂಟಿ, ಅವನು ಎಷ್ಟು ಹೊಳೀತಾನೆ ಗೊತ್ತಾ, ನನಗೆ ನಿದ್ದೆನೇ ಬೇಡ ಅನ್ಸತ್ತೆ, ಎಲ್ಲಾ ಅರ್ಥ ಆಗ್ತಿದೆ ಆಂಟಿ, ಎಲ್ಲಾ..." ಮಾತು ಮಾತಿನ ಮೇಲೆ ಬೀಳುತ್ತಿತ್ತು, ಉಸಿರಿಗೂ ಜಾಗವಿರಲಿಲ್ಲ. ಬೋರಮ್ಮ ಕರೆದಿರಲಿಲ್ಲ, ಬಸುರಿನ ಸುದ್ದಿಯನ್ನೂ ಹೇಳಿರಲಿಲ್ಲ. ಪರಿಶೀಲಕರು ಬಾಗಿಲಲ್ಲಿ ನಿಂತಿದ್ದರು. "ಭಾನುವಾರ ಬರ್ತೇನೆ ಪಾವನಾ," ಎಂದು ಫೋನಿಟ್ಟಳು.

ಸಂಜೆ ತಾನೇ ಫೋನು ಮಾಡಿ ಬೋರಮ್ಮನನ್ನು ಕೇಳಿದಳು. "ನಿದ್ದೆ ಮಾಡ್ತಾಳಾ ಅಮ್ಮ?"

"ಚೆನ್ನಾಗಿ ಮನಗ್ತಾಳೆ ಕಣವ್ವ. ಬಾಣಂತಿ ಅಲ್ವಾ, ಒಂಚೂರು ಮಾತು ಜಾಸ್ತಿ. ನೀನೇನೂ ಬರಾದು ಬ್ಯಾಡ, ಅಳಿಯಂದ್ರು ಬತ್ತಾರೆ, ಹೋಯ್ತಾರೆ."

ಸುಳ್ಳು ಎಂದು ಜಲಜಾಳಿಗೆ ಗೊತ್ತಾಯಿತು. ಗೊತ್ತಾಗಿಯೂ ನಂಬಿದಳು, ಯಾಕೆಂದರೆ ನಂಬದಿದ್ದರೆ ಆಗಲೇ ಆಟೋ ಹತ್ತಬೇಕಿತ್ತು, ದಿನೇಶನೆದುರು ಬಾಯಿಬಿಡಬೇಕಿತ್ತು. ಭಾನುವಾರ ಹೇಗೂ ಹೋಗುತ್ತೇನಲ್ಲ ಎಂದುಕೊಂಡಳು.

ಶನಿವಾರ ಬೆಳಿಗ್ಗೆ ಬೀದಿಗೆ ನೀರಿನ ಲಾರಿ ಬಂತು. ಪೈಪು ಇಳಿಬಿಡಲು ಅಪ್ಪಾಜಿ ಅಂಗಳದ ಸಂಪಿನ ಮುಚ್ಚಳ ತೆಗೆದು ಲಾರಿಯವನನ್ನು ಕರೆಯಲು ಹೋದರು. ಬೋರಮ್ಮ ಕೊಡಗಳೊಂದಿಗೆ ಬೀದಿಯಲ್ಲಿ ಜಗಳಕ್ಕೆ ನಿಂತಿದ್ದಳು. ಸಂಪು ತುಂಬಿತು, ಮುಚ್ಚಳ ತೆರೆದೇ ಉಳಿಯಿತು, ಎಲ್ಲರೂ ಲಾರಿಯ ಹಿಂದೆ ಹೋದರು. ಆಗ ಪಾವನಾ ಬಾಣಂತಿ ಕೋಣೆಯಿಂದ ಮಗುವನ್ನೆತ್ತಿಕೊಂಡು ಹೊರಗೆ ಬಂದಳು. ಮಗುವಿನ ಮೈಯಲ್ಲಿ ಬೆಂಕಿಯಿದೆ, ತೊಳೆ, ತೊಳೆ ಎಂದು ಯಾರೋ ಅವಳಿಗೆ ಹೇಳುತ್ತಿದ್ದರಂತೆ. ಕಿಟಕಿಯಲ್ಲಿ ಕೂತಿದ್ದ ಉಷಾ ನೋಡಿದಳು. "ಪಾಪು ನೀರಲ್ಲಿ, ಪಾಪು ನೀರಲ್ಲಿ," ಎಂದು ಕೂಗಿಕೊಂಡಳು. ಇಡೀ ಬೀದಿಗೆ ಕೇಳಿಸಿತು. ಉಷಾ ಕೂಗುವುದು ಹೊಸದೇ? ಯಾರೂ ಬರಲಿಲ್ಲ. ಬಂದಾಗ ಪಾವನಾಳೂ ನೀರಿನೊಳಗಿದ್ದಳು. ಅವಳನ್ನು ಎಳೆದು ಉಳಿಸಿದರು, ಮಗು ಉಳಿಯಲಿಲ್ಲ.

ಪೊಲೀಸರು ಬಂದರು, ಡಾಕ್ಟರರು ಕಾಗದ ಬರೆದರು, ಪಾವನಾ ಜೈಲಿಗೆ ಬದಲು ಆಸ್ಪತ್ರೆ ಸೇರಿದಳು. ಅಲ್ಲಿಯ ಡಾಕ್ಟರ ಮುಂದೆ ಜಲಜಾ ಎಲ್ಲವನ್ನೂ ಹೇಳಿದಳು, ಒಂದಕ್ಷರ ಬಿಡದೆ. ಆತ ತಲೆಯೆತ್ತಿ ನೋಡಿದ. "ಮೊದಲೇ ತಿಳಿದಿದ್ದರೆ ಹೆರಿಗೆಯ ದಿನದಿಂದಲೇ ಮಾತ್ರೆ ಕೊಡಬಹುದಿತ್ತು. ಮಗುವನ್ನು ಅವಳೊಬ್ಬಳ ಹತ್ತಿರ ಬಿಡುತ್ತಿರಲಿಲ್ಲ," ಎಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ವಿದ್ಯೆಯ ಕಥೆಯನ್ನೂ ಇಲ್ಲೇ ಮುಗಿಸಿಬಿಡಬಹುದು. ಕೆಲವು ವರ್ಷಗಳಲ್ಲಿ ಬೇರೆ ದೇಶದವರು ಸಾವಿರಾರು ಮನೆಗಳ ರಕ್ತ ನೋಡಿ, ಜಲಜಾ ಮತ್ತು ಜಯರಾಮ ಸಾರ್ ತೋರಿಸಿದ ಜಾಗದಲ್ಲಿ ಏನೂ ಇಲ್ಲ ಎಂದು ಬರೆದರು. ಯಾವ ಪ್ರಬಂಧಕ್ಕಾಗಿ ಆ ಹುಡುಗಿಯನ್ನು ಲೆಕ್ಕದಿಂದ ತೆಗೆದಿದ್ದರೋ ಆ ಪ್ರಬಂಧವೇ ನಿಲ್ಲಲಿಲ್ಲ. ಜಲಜಾ ಕೆಲಸ ಬಿಡಲಿಲ್ಲ. ಆಮೇಲೆ ಯಾವ ಮನೆಗೆ ಹೋದರೂ ಮೊದಲು ಬಾಣಂತಿಯರ ಬಗ್ಗೆ ಕೇಳುತ್ತಿದ್ದಳು ಎಂದು ಅವಳ ವಿದ್ಯಾರ್ಥಿಗಳು ಹೇಳುತ್ತಾರೆ. ಹಾಗೆ ಕೇಳಿದ್ದರಿಂದ ಒಂದೆರಡು ಮಕ್ಕಳು ಉಳಿದಿರಬಹುದು. ಅದನ್ನು ಅವಳ ಮುಂದೆ ಹೇಳಿದರೆ ಸಿಟ್ಟಾಗುತ್ತಿದ್ದಳು.

ಆದರೆ ಹೇಳಬೇಕಾದದ್ದು ಆ ಆಸ್ಪತ್ರೆಯ ಒಂದು ಸಂಜೆಯನ್ನು. ಈ ಕಾಯಿಲೆಯ ಕ್ರೌರ್ಯವೇ ಅದು: ಬೇಗ ವಾಸಿಯಾಗುತ್ತದೆ. ತಿಂಗಳು ತುಂಬುವಷ್ಟರಲ್ಲಿ ಪಾವನಾಳ ತಲೆ ತಿಳಿಯಾಗಿತ್ತು, ತಾನು ಮಾಡಿದ್ದು ಪೂರ್ತಿ ಗೊತ್ತಾಗಿತ್ತು. ಎದೆಯ ಹಾಲು ಇನ್ನೂ ಬತ್ತಿರಲಿಲ್ಲ, ಬಟ್ಟೆ ಒದ್ದೆಯಾಗುತ್ತಿತ್ತು. ಮಂಚದ ಒಂದು ಪಕ್ಕ ಬೋರಮ್ಮ ಕೂತಿದ್ದಳು, ಇನ್ನೊಂದು ಪಕ್ಕ ಜಲಜಾ ನಿಂತಿದ್ದಳು.

"ಆಂಟಿ," ಎಂದಳು ಪಾವನಾ, "ಉಷಕ್ಕನಿಗೂ ಹಿಂಗೇ ಆಗಿತ್ತಾ?"

ಜಲಜಾ ಬೋರಮ್ಮನ ಕಡೆ ನೋಡಿದಳು. ಬೋರಮ್ಮ ನೆಲ ನೋಡುತ್ತಿದ್ದಳು. ಇನ್ನು ಯಾರ ಅಪ್ಪಣೆಗೂ ಕಾಯುವ ಯೋಗ್ಯತೆ ತನಗಿಲ್ಲ ಎನಿಸಿತು ಜಲಜಾಳಿಗೆ.

"ಹೌದು ಪಾವನಾ. ಹೆತ್ತ ಮೇಲೆ ಆದದ್ದು."

"ಅಕ್ಕಂಗೆ ಮಗು ಆಗಿತ್ತಾ?" ಹುಡುಗಿ ದಿಂಬಿನಿಂದ ತಲೆಯೆತ್ತಿದಳು. "ಅದನ್ನ ಅವಳು... ಅದು ಏನಾಯ್ತು?"

"ಉಳಿಯಿತು," ಎಂದಳು ಜಲಜಾ. "ಅದು ನೀನೇ."

ಪಾವನಾ ತಾನು ಇಪ್ಪತ್ತೆರಡು ವರ್ಷ ಅಮ್ಮಾ ಎಂದು ಕರೆದವಳ ಮುಖವನ್ನೇ ನೋಡುತ್ತಿದ್ದಳು. ಬೋರಮ್ಮ ಅಳುತ್ತ ಅವಳ ಕಾಲು ಹಿಡಿದುಕೊಂಡಳು.

"ನಾನು ಹೆಂಗೆ ಉಳ್ಕೊಂಡೆ?" ಎಂದು ಪಾವನಾ ಕೇಳಿದಳು.

"ನಾನು ಬುಡ್ಲಿಲ್ಲ ಕಣವ್ವ," ಬೋರಮ್ಮ ಬಿಕ್ಕಿದಳು. "ಅವಳ ಕಣ್ಣು ನೋಡ್ದೇಟ್ಗೇ ಗೊತ್ತಾಯ್ತು ನಂಗೆ. ನಿನ್ನ ಅವಳ ಕೈಗೆ ಒಂದು ಕ್ಷಣಾನೂ ಕೊಡ್ಲಿಲ್ಲ. ನನ್ ಮಡ್ಲಾಗೇ ಇಟ್ಕಂಡು ಕಾದೆ."

ಪಾವನಾ ನಿಧಾನವಾಗಿ ಕಾಲನ್ನು ಹಿಂದಕ್ಕೆಳೆದುಕೊಂಡಳು.

"ನನ್ನ ಕಣ್ಣೂ ನೋಡಿದ್ದೆಯಲ್ಲ," ಎಂದಳು. "ಮತ್ತೆ ನನ್ನ ಮಗುನ ನನ್ನ ಕೈಗೆ ಯಾಕೆ ಕೊಟ್ಟೆ?"

ಪಾವನಾ ಆಮೇಲೆ ಜಲಜಾಳ ಕಡೆ ತಿರುಗಿದಳು, ಅವಳನ್ನೂ ಅದೇ ಕೇಳುವವಳ ಹಾಗೆ ನೋಡಿದಳು, ಕೇಳಲಿಲ್ಲ.